ಲಾಲ್‌ಸಾಬನ ದಮ್ಮು

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿದೆ, ಒಂದೇ ಕಡೆ, ಬಾತ ಕೆನ್ನೆಯ ಹಾಗೆ, ಹಾಗನ್ನಿಸಿದ್ದೇ ತಡ ಕಸ್ತೂರೆಮ್ಮ ಕಣ್ಣು ತೆಗೆದು ಒಲೆಯ ಉರಿಯ ಕಡೆ ನೆಟ್ಟಳು, ಬಾತ ಕೆನ್ನೆಯವನು ಮಗ್ಗುಲಲ್ಲೇ ಕೂತಿದ್ದಾನೆ, ಒಡಹುಟ್ಟಿದ ತಮ್ಮ ಅಂಬಪ್ಪ, ವಳಕಮದಿನ್ನಿಯಿಂದ ಮಸ್ಕಿಯ ತನಕ ನಡೆದು ಬಂದವನು, ಅರಿಶಿನದ ಬಟ್ಟೆ ಸುತ್ತಿದ ಬಲಗೈಯನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು ಎಡಗೈಯಿಂದ ರೊಟ್ಟಿ ಮುರಿಯಲು ಹೋಗಿ ಗಂಗಾಳವನ್ನೇ ದೂಡುತ್ತಾನೆ, ತಡಿಯೋ ನಾ ಮುರುದು ಕೊಡ್ತೀನಿ, ಬ್ಯಾಡಕ್ಕ, ಊರವ್ರು ಕೊಡೋದೆಲ್ಲ ಕೊಟ್ಟಾರ, ನೀ ಒಂದ್ ಮಾತು ಕೊಡು ಸಾಕು — ಅವಳು ಹಿಟ್ಟು ಎಳೆದುಕೊಂಡು ಬಡಿಯತೊಡಗಿದಳು, ಬಡಿದಷ್ಟು ಹೊತ್ತು ಮಾತು ಬರುವುದಿಲ್ಲ, ಹೊರಗೆ ಕಟ್ಟೆಯ ಮೇಲೆ ಗಂಡ ನರಸಣ್ಣ ಪುಂಡಿಯ ನಾರು ಹೊಸೆಯುತ್ತ ಬಾಗಿಲ ಕಡೆಗೇ ಮುಖ ಮಾಡಿದ್ದಾನೆ, ಬೆರಳು ನಾರಿನ ಮೇಲೆ, ಕಣ್ಣು ಅವಳ ಬಾಯಿಯ ಮೇಲೆ, ಅವಳ ಕಣ್ಣನ್ನು ಅವನು ನೋಡಿ ವರ್ಷವಾಯಿತು, ಏನಿದ್ದರೂ ಬಾಯಿ, ಉಣ್ಣುವಾಗ ಬಾಯಿ, ಅಳುವಾಗಲೂ ಬಾಯಿ, ಅತ್ತರೆ ತುಟಿ ಹೇಗೆ ಆಡುತ್ತದೆಂದು ಅವಳಿಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಹೋದ ವರ್ಷದ ಜ್ವರ, ನರಸಣ್ಣನ ಎರಡೂ ಕಿವಿ ಸೋರಿದವು, ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟಳು, ಕಿವಿ ಒಣಗಿತು, ಒಣಗಿದ್ದು ನೆಟ್ಟಗಾಗುವುದಕ್ಕಲ್ಲ, ಹಿತ್ತಲಲ್ಲಿ ಕರು ಅಷ್ಟು ಜೋರಾಗಿ ಒದರಿದಾಗ ಇವನು ಹೊಳ್ಳಿ ನೋಡಲಿಲ್ಲ, ಆಮೇಲೆ ತಾನೇ ಅವಳ ಕೈ ಹಿಡಿದು ಅಂದ, ಕಸ್ತೂರಿ, ಇದು ಹೊಸ್ತಿಲ ದಾಟಬಾರ್ದು, ಊರು ಕಾಯೋ ತಳವಾರಗ ಕಿವಿ ಇಲ್ಲಂದ್ರ ಪಾಟೀಲ್ರು ಕೋಲು ಕಸ್ಕೊಂಡು ಇನ್ನೊಬ್ಬಗ ಕೊಡ್ತಾರ, ಪೊಲೀಸ್ ಅಮೀನ್ ಸಾಹೇಬ್ರು ಕುದುರಿ ಮ್ಯಾಲಿಂದ ಕರುದ್ರ ನಾ ಓ ಅನ್ನಬೇಕು, ಚಾಕರಿಗಿ ಕೊಟ್ಟ ಹೊಲ ಹೋದ್ರ ಹೋಗ್ಲಿ, ನಾ ಆ ಯಮನೂರಪ್ಪ ಆಗಂಗಿಲ್ಲ ನೋಡು — ಯಮನೂರಪ್ಪ, ಓಣಿಯ ತುದಿಯ ಮುದುಕ, ಒಂದು ಕಾಲಕ್ಕೆ ಡೊಳ್ಳು ಹಾಕಿಕೊಂಡರೆ ಗೋಡೆ ನಡುಗುತ್ತಿದ್ದವಂತೆ, ಈಗ ಅವನಿಗೆ ಹೆಸರೇ ಇಲ್ಲ, ಏ ಕಿವುಡ್ಯಾ, ಸೊಸೆ ಗಂಗಾಳ ಇಟ್ಟು ಕಾಲಿನಿಂದ ಅವನ ತೊಡೆ ತಿವಿದು ಹೋಗುತ್ತಾಳೆ, ಉಣ್ಣು ಅನ್ನುವುದಕ್ಕೆ. ಅಂದಿನಿಂದ ಕಸ್ತೂರೆಮ್ಮನೇ ಅವನ ಕಿವಿ, ಪಾಟೀಲರು ಬಂದರೆ ಸೆರಗು ಹೊದ್ದು ಅವರ ಬೆನ್ನ ಹಿಂದೆ ನಿಲ್ಲುತ್ತಾಳೆ, ಅವರು ಆಡಿದ್ದನ್ನೆಲ್ಲ ಇವಳ ತುಟಿ ಸದ್ದಿಲ್ಲದೆ ಆಡುತ್ತದೆ, ಅದನ್ನು ನೋಡಿ ಇವನು ಹೂಂ ಅನ್ನುತ್ತಾನೆ, ಒಮ್ಮೆ ಪಾಟೀಲರು ಥಟ್ಟನೆ ಹೊಳ್ಳಿಬಿಟ್ಟರು, ಏನಲೇ ನರಸ್ಯಾ, ನಿನ್ನ ಹೇಂತಿ ನನಗ ಮಾಟ ಮಾಡ್ಯಾಕತ್ತಾಳೇನು, ಇಲ್ರೀ ಧಣಿ, ಶಿವನಾಮ ಜಪಸ್ತಾಳ್ರೀ, ಎಲ್ಲರೂ ನಕ್ಕರು.

ಹುತುತು ಆಟದ ದಿನ ಹೆಂಗಸರ ಜಾಗ ದೂರ, ಹಳ್ಳದ ದಂಡೆಯ ಬೇವಿನ ಮರದ ಹಿಂದೆ, ಅಲ್ಲಿಂದ ಯಾರ ತುಟಿ ಯಾರಿಗೆ ಕಂಡೀತು, ಹೋಗಬ್ಯಾಡ್ರೀ ಅಂದಿದ್ದಳು, ವಲ್ಲೆ ಅಂದ್ರ ಯಾಕ ಅಂತಾರ, ಏನ್ ಹೇಳ್ಲಿ, ಆಡೋರ ತುಟಿ ನೋಡ್ಕೊಂಡು ದಮ್ಮು ತಿಳೀತೀನಿ ಬಿಡು ಅಂದು ಪಟಕ ಸುತ್ತಿಕೊಂಡು ಹೋದ. ವಳಕಮದಿನ್ನಿಯವರಿಗೂ ಲಿಂಗಸುಗೂರಿನವರಿಗೂ ಆಟ, ನಡುವೆ ಮಸ್ಕಿಯ ನರಸಣ್ಣ ಪಂಚ, ದಮ್ಮು ಮುರಿಯಿತೋ ಇಲ್ಲವೋ ಕೇಳಿ ತೀರ್ಪು ಕೊಡುವವನು, ಲಿಂಗಸುಗೂರಿನವನೊಬ್ಬ ತಕರಾರು ಎತ್ತಿದ, ಆ ಅಂಬಪ್ಪ ಇವನ ಹೇಂತಿ ತಮ್ಮ, ಇವ ಹೆಂಗ ಪಂಚ ಆಗ್ತಾನ, ಅವರ ಕಡೆಯವರೇ ಬಾಯಿ ಮುಚ್ಚಿಸಿದರು, ಸುಮ್ಕಿರಲೇ, ದಮ್ಮು ಮುರುದ್ರ ಆ ಕಿವಿ ಹೆತ್ತ ಮಗನ್ನೂ ಬಿಡಂಗಿಲ್ಲ, ಆ ಕಿವಿ ಅಂತ ಅವರು ಅಂದಾಗ ಮರದ ಹಿಂದೆ ಅವಳು ಸೆರಗು ಕಚ್ಚಿದ್ದಳು. ಆಟ ಅರ್ಧ ಮುಗಿಯುವ ತನಕ ಹೇಗೋ ಸಾಗಿತು, ನರಸಣ್ಣ ನಡ ಬಾಗಿಸಿ ದಮ್ಮು ಹಿಡಿದವನ ಜೊತೆಗೇ ಓಡುತ್ತಾನೆ, ಮೂಗಿಗೆ ಮೂಗು ತಾಗುವಷ್ಟು, ನೋಡ್ರಿ ಪಂಚ ಅಂದ್ರ ಹಿಂಗಿರಬೇಕು ಅನ್ನುತ್ತಾರೆ ಜನ, ಕೊನೆಗೆ ಲಿಂಗಸುಗೂರಿನ ಲಾಲ್‌ಸಾಬ್ ಒಬ್ಬನೇ ಉಳಿದ, ಒಂದೇ ಉಸಿರಿಗೆ ಹುತುತುತು ಅನ್ನುತ್ತ ಗೆರೆ ದಾಟಿ ಬಂದ, ಅಂಬಪ್ಪ ನೆಲಕ್ಕೆ ಬಿದ್ದು ಬಲಗೈಯಲ್ಲಿ ಅವನ ಹಿಮ್ಮಡಿ ಹಿಡಿದ, ಹಿಡಿತವೆಂದರೆ ಹಿಡಿತ, ಲಾಲ್‌ಸಾಬ್ ಎದೆಯ ಮೇಲೆ ಉರುಳಿದ, ಮುಖ ಧೂಳಿನಲ್ಲಿ, ಹುತುತು ನಿಂತಿತು, ಬಾವಿಯಲ್ಲಿ ಹಗ್ಗ ಹರಿದ ಹಾಗೆ ನಿಂತಿತು, ಬೇವಿನ ಮರದ ತನಕ ಕೇಳಿಸಿತು ನಿಂತದ್ದು, ಆಟದಲ್ಲಿ ದಮ್ಮು ಮುರಿದವನು ಸತ್ತ, ಸತ್ತವನನ್ನು ಹಿಡಿದಿರುವುದು ಅವಮಾನ, ಅಂಬಪ್ಪ ಕೈ ಬಿಟ್ಟು ಎದ್ದು ನಗುತ್ತ ಮೈಯ ಧೂಳು ಝಾಡಿಸಿಕೊಂಡ, ಆಗ ಲಾಲ್‌ಸಾಬ್ ಮುಖ ಎತ್ತಿದ, ತುಟಿ ಆಡುತ್ತಿತ್ತು, ನೋವಿಗೋ ಅಲ್ಲಾನ ಹೆಸರಿಗೋ, ಸದ್ದಿಲ್ಲದೆ ತುಟಿ ಮಾತ್ರ, ತೆವಳುತ್ತ ಹೋಗಿ ಗೆರೆಗೆ ಬೆರಳು ಮುಟ್ಟಿಸಿದ, ನರಸಣ್ಣ ಬಾಗಿ ಆ ತುಟಿಯನ್ನೇ ನೋಡುತ್ತಿದ್ದವನು ಎದ್ದು ನಿಂತು ಲಿಂಗಸುಗೂರಿನ ಕಡೆ ಕೈ ಎತ್ತಿಬಿಟ್ಟ. ಸುತ್ತ ನಿಂತ ಜನ ಬಾಯಿ ತೆರೆದು ಬಡಕೊಳ್ಳುತ್ತಿದ್ದರು, ಇವನಿಗೆ ಅದೆಲ್ಲ ಶಹಬ್ಬಾಸ್ ಅಂದ ಹಾಗೆ ಕಂಡಿರಬೇಕು, ನಕ್ಕ, ಆ ನಗೆಯನ್ನು ವಳಕಮದಿನ್ನಿಯವರೆಲ್ಲ ನೋಡಿದರು. ಗೆದ್ದವರು ಹೊಸ ರುಮಾಲು ತಂದು ಅವನ ತಲೆಗೆ ಕಟ್ಟಿದರು, ಹೇಂತಿ ತಮ್ಮ ಅಂತ ನೋಡ್ಲಿಲ್ಲ ನೋಡ್ರಿ ಪುಣ್ಯಾತ್ಮ.

ರೊಟ್ಟಿ ಕರಕಾಗಾಕತ್ತೈತಿ ಅಕ್ಕ — ಹೌದು, ತಿರುವಿ ಹಾಕಿದಳು, ಬೆರಳು ಸುಟ್ಟಿತು, ಸುಡಲಿ, ಅವನ ಬೆರಳಿಗಿಂತ ಹೆಚ್ಚೇನು, ಹಳ್ಳದ ಬಂಡೆಯ ಮೇಲೆ ಅಂಗೈ ಚಾಚಿಸಿ ಗುಂಡುಕಲ್ಲಿನಿಂದ ಕುಟ್ಟಿದರಂತೆ, ಬೇರೆ ಯಾರೋ ಅಲ್ಲ, ಜೊತೆಗೆ ಆಡಿದವರೇ, ಬಿಟ್ಟ ಕೈ ಇದಾ ಅಲ್ಲೇನಲೇ, ಪಂಚ ಕೈ ಎತ್ತೋ ತನಕ ಬಿಡಬಾರ್ದು ಅನ್ನೋದು ಕೂಸಿಗೂ ಗೊತ್ತೈತಿ, ನೀನು ನಿನ್ನ ಮಾವ ಮೊದ್ಲ ಮಾತಾಡ್ಕೊಂಡೀರಿ, ಎಷ್ಟು ತಿಂದ್ರಿ — ನಾ ಏನ್ ಹೇಳ್ಲಿ ಅಕ್ಕ, ದಮ್ಮು ಮುರೀತು, ಮಾವಗ ಕೇಳಿಸಿರತೈತಿ ಅಂತ ಬಿಟ್ಟೆ, ಮಾವನ ಕಿವಿ ಮ್ಯಾಲೆ ನನಗ ಅಷ್ಟು ನಂಬಿಕಿ ಇತ್ತು, ಅಮಾಸಿ ಒಳಗ ಅವ್ವನ್ನ ಕರಕೊಂಡು ಊರು ಬಿಡು ಅಂದಾರ, ಅವ್ವ ಆ ಮನಿ ಬಿಟ್ಟು ಬದುಕ್ಯಾಳೇನು, ದಾರ್‍ಯಾಗೆಲ್ಲ ಯೋಚನಿ ಮಾಡೀನಿ ಅಕ್ಕ, ಮಾವ ರೊಕ್ಕ ಮುಟ್ಟೋ ಮನಷ್ಯಾ ಅಲ್ಲ, ಹಂಗಂದ್ರ ಇನ್ನೊಂದ ಉಳೀತು, ನಿನ್ನ ಕಾಲ್ ಬೀಳ್ತೀನಿ, ಮಾವಗ ಕಿವಿ ಕೇಳ್ತೈತೋ ಇಲ್ಲೋ ಅಷ್ಟ ಹೇಳು, ಕೇಳಂಗಿಲ್ಲ ಅಂದ್ರ ಊರ ಮುಂದ ಬಂದು ಆ ಮಾತು ಹೇಳು, ನಾ ತಲಿ ಎತ್ತಿ ಅಡ್ಡಾಡ್ತೀನಿ.

ಅವನು ಅವಳ ಮುಖ ನೋಡುತ್ತಿದ್ದಾನೆ, ಅವನ ಬೆನ್ನಿನಾಚೆ ಬಾಗಿಲು, ಬಾಗಿಲಿನಾಚೆ ಅವಳ ಬಾಯನ್ನು ನೋಡುವ ಇನ್ನೆರಡು ಕಣ್ಣು, ನಾರು ಹೊಸೆಯುವ ಕೈ ನಿಂತಿದೆ, ಅವ್ವ ಬಾಗಿಲಲ್ಲಿ ಕೂತು ಜೋಳ ಕೇರುತ್ತಿರಬಹುದು ಈ ಹೊತ್ತಿಗೆ, ಯಮನೂರಪ್ಪನ ತೊಡೆಗೆ ಸೊಸೆಯ ಕಾಲು, ಈ ಅಂಬಪ್ಪ ಕೂಸಿದ್ದಾಗ ಸೊಂಟದಿಂದ ಇಳಿಯುತ್ತಿರಲಿಲ್ಲ, ಇದೇ ಕೈಯಿಂದ ಅವಳ ಜಡೆ ಹಿಡಿದು ಜಗ್ಗುತ್ತಿದ್ದ, ಕೇಳ್ತೈತಿ, ಅಂದಳು, ಅಂದದ್ದು ತಾನೇ ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು, ಕೇಳದ ಏನು, ಚಲೋ ಕೇಳ್ತೈತಿ. ಅಂಬಪ್ಪ ಗಂಗಾಳದ ಮೇಲೆ ತಲೆ ಬಗ್ಗಿಸಿದ, ಹೊಳ್ಳದೆ, ಹಾಗೇ ಕೂತು, ಮೆತ್ತಗೆ ಕರೆದ, ಮಾವಾ. ಇಷ್ಟೇ ಸಾಕಿತ್ತು, ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು, ಏನೂ ಹೇಳದೆಯೇ ಎಲ್ಲ ಹೊರಬೀಳುತ್ತಿತ್ತು, ಆದರೆ ತುಟಿ ಅವಳನ್ನು ಕೇಳಲಿಲ್ಲ, ವರ್ಷದ ರೂಢಿ, ತಮ್ಮನ ನೆತ್ತಿಯ ಮೇಲಿಂದ ಸದ್ದಿಲ್ಲದೆ ಆಡಿಬಿಟ್ಟಿತು, ಕರ್‍ಯಾಕತ್ತಾನ — ಏನೋ ಅಂಬಪ್ಪಾ, ಉಂಡ್ಯೇನು, ಅಂದ ನರಸಣ್ಣ ಕಟ್ಟೆಯ ಮೇಲಿಂದ, ಎಂಥ ಗಟ್ಟಿ ದನಿ. ಅಂಬಪ್ಪ ರೊಟ್ಟಿಯನ್ನು ಮೆಲ್ಲಗೆ ಸರಿಸಿದ, ಎದ್ದ, ಮಾವನನ್ನು ದಾಟಿ ಅಂಗಳಕ್ಕಿಳಿದ, ತಡಿಯೋ, ಕೈಗೆ ಎಣ್ಣಿ ಹಚ್ಚತೀನಿ ತಡಿಯೋ, ಅವನು ತಡೆಯಲಿಲ್ಲ, ಅವಳು ಹಿಟ್ಟಿನ ಕೈಯಲ್ಲೇ ಕಟ್ಟೆಯ ತನಕ ಓಡಿ ಬಂದಳು, ಓಣಿ ಹೊರಳುವಲ್ಲಿ ಅವನು ನಿಂತು ತಿರುಗಿದ, ಏನೋ ಅಂದ, ಬೀಸುಕಲ್ಲಿನ ಸದ್ದೋ ಕೋಳಿಗಳ ಗದ್ದಲವೋ ಏನೂ ಕೇಳಿಸಲಿಲ್ಲ, ಅವಳು ಗಂಡನ ಭುಜ ಅಲುಗಾಡಿಸಿದಳು, ಏನಂದನ್ರೀ ಅವ, ನಿಮಗ ಕಂಡಿರತೈತಿ, ಏನಂದ, ನರಸಣ್ಣ ಅವಳ ಬಾಯಿ ನೋಡಿದ, ಕೇಳಿದ್ದು ಅವನಿಗೆ ತಿಳಿಯಿತು, ತಿಳಿದೇ ತಲೆ ತಗ್ಗಿಸಿ ನಾರು ಎತ್ತಿಕೊಂಡ, ಬರ್ತೀನಕ್ಕ ಅಂದನೋ, ನೀ ನನಗ ಸತ್ತಿ ಅಕ್ಕ ಅಂದನೋ, ಓಣಿ ಖಾಲಿ, ಧೂಳು, ಬಾತ ಕೆನ್ನೆ, ಅದರ ನಡುವೆ ಆಡುವ ತುಟಿ, ಸದ್ದಿಲ್ಲ, ತುಟಿ ಮಾತ್ರ