ಬಂದಾಗಲೇ ಇತ್ತು

ಮನೆಗೆ ಹೋದ ರೋಗಿಗಳ ಫೈಲು ಓದಿ ಕಂಪ್ಯೂಟರಿಗೆ ಹಾಕುವುದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನನ್ನ ಕೆಲಸ. ಫೈಲಿನಲ್ಲಿ ಸೋಂಕು ಎಂದಿದ್ದರೆ ಪರದೆ ಕೇಳುತ್ತದೆ: ದಾಖಲಾಗುವಾಗಲೇ ಇತ್ತೇ? 'ಇತ್ತು' ಎಂದರೆ ಅಲ್ಲಿಗೆ ಮುಗಿಯಿತು. 'ಇರಲಿಲ್ಲ' ಎಂದರೆ ಮೂರು ಮಹಡಿ ಹತ್ತಿ, ವಾರ್ಡಿನ ಡಾಕ್ಟರು ಸಿಗುವವರೆಗೆ ಕಾದು, ಸಹಿ ತರಬೇಕು.

ನಾಲ್ಕಕ್ಕೆ ಮಗಳ ಶಾಲೆ ಬಿಡುತ್ತದೆ. ಒಮ್ಮೆ ಎಲ್ಲರೂ ಹೋದ ಮೇಲೆ ಒಬ್ಬಳೇ ಗೇಟಿನಲ್ಲಿ ನಿಂತು ಅತ್ತಿದ್ದಳು. ಅಂದಿನಿಂದ, ಮೂರು ಗಂಟೆ ದಾಟಿ ಕೈಗೆ ಬಂದ ಫೈಲುಗಳಲ್ಲಿ ಸೋಂಕೆಲ್ಲ ಮನೆಯಿಂದಲೇ ಬಂದದ್ದಾಯಿತು. ಮೂಳೆ ವಾರ್ಡಿನ ಫೈಲುಗಳು ಕೆಳಗೆ ಬರುವುದೇ ಆ ಹೊತ್ತಿಗೆ.

ಸೋಂಕಿನ ಮೇಲೆ ಕಣ್ಣಿಡುವ ಸಿಸ್ಟರ್ ತಿಂಗಳಿಗೊಮ್ಮೆ ನನ್ನ ದಾಖಲೆಗಳಿಂದಲೇ ಲೆಕ್ಕ ತೆಗೆಯುತ್ತಾರೆ. ಕಳೆದ ವಾರ ಬಾಗಿಲಲ್ಲೇ ನಿಂತು ನಕ್ಕರು.

"ಮೂಳೆ ವಾರ್ಡಲ್ಲಿ ನಾಲ್ಕು ತಿಂಗಳಿಂದ ಒಂದೂ ಸೋಂಕಿಲ್ಲ ಕಣ್ರೀ! ಕೈ ತೊಳೀರಿ, ಮೂತ್ರದ ಕೊಳವೆ ನೋಡ್ರಿ ಅಂತ ಅಲ್ಲಿ ಗಂಟಲು ಹರ್ಕೊಳ್ಳೋದು ತಪ್ತು. ಇನ್ನು ಹೆರಿಗೆ ವಾರ್ಡಿನವರಿಗೆ ನನ್ನ ಕಾಟ."

ನಾನೂ ನಕ್ಕೆ. ಆ ಸೊನ್ನೆ ನನ್ನ ಕೈಯದೆಂದು ಹೇಳಬೇಕಿತ್ತು. ಹೇಳಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಅವರ ನಗುವೇ ಕಣ್ಣ ಮುಂದಿತ್ತು.

ಇವತ್ತು ಮೂರೂವರೆಗೆ ಕಿಟಕಿಗೆ ಒಬ್ಬ ಬಸ್ ಡ್ರೈವರ್ ಬಂದರು. ಹೆಂಡತಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಈಗ ಮನೆಯಲ್ಲಿದ್ದಾರೆ. ದಾಖಲೆಯ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು.

"ಮೂತ್ರದ ಸೋಂಕು ಬಂದಾಗಲೇ ಇತ್ತು ಅಂತ ಬರ್ದಿದೆಯಲ್ಲಮ್ಮ?"

"ಹೌದು..."

"ಬಿದ್ದ ಮೇಲೆ ಎರಡು ದಿನ ಮನೆಯಲ್ಲಿ ನಾನೇ ನೋಡ್ಕೊಂಡೆ. ಒರೆಸಿದ್ದು, ಬಟ್ಟೆ ಬದಲಾಯಿಸಿದ್ದು ಎಲ್ಲ ನಾನೇ. ನಾದಿನಿ ಬೇರೆ ಆಡಿಕೊಳ್ತಾಳೆ, 'ಸ್ಟೇರಿಂಗ್ ತಿರುಗಿಸೋ ಕೈಗೆ ಆರೈಕೆ ಎಲ್ಲಿ ಬರುತ್ತೆ ಭಾವ' ಅಂತ." ನಗಲು ನೋಡಿದರು, ಆಗಲಿಲ್ಲ. "ನಮ್ಮನೆಯವಳು ಒಂದು ಮಾತೂ ಅನ್ನಲ್ಲ. ಅದೇ ಕಷ್ಟ. ನನ್ನ ಕೈಯಿಂದಲೇ ಆಯ್ತಾ? ಹೇಳ್ಬಿಡಿ."

ಫೈಲು ತೆಗೆದೆ. ಮೊದಲ ದಿನದ ಮೂತ್ರಪರೀಕ್ಷೆ ಚೊಕ್ಕ. ಮೂರನೇ ದಿನ ಕೊಳವೆ. ಏಳನೇ ದಿನ ಜ್ವರ. ಕೊನೆಯಲ್ಲಿ ನನ್ನ 'ಇತ್ತು'. ಅದನ್ನು ಒತ್ತಿದ ಹೊತ್ತೂ ಪರದೆಯಲ್ಲಿತ್ತು: ಮೂರು ನಲವತ್ತು.

"ಇಲ್ಲ ಅಣ್ಣ. ನೀವು ಕರ್ಕೊಂಡು ಬಂದಾಗ ಅವರಿಗೆ ಸೋಂಕಿರಲಿಲ್ಲ. ಇಲ್ಲೇ ಬಂದಿದ್ದು. ತಪ್ಪು ಬರೆದವಳು ನಾನು."

ಬೈಯಲಿ ಎಂದು ಕಾದೆ. ಅವರು ಕಾಗದವನ್ನು ಕಿಟಕಿಯೊಳಗೆ ತಳ್ಳಿದರು.

"ಸರಿಯಾಗಿ ಬರ್ದು ಕೊಡಿ. ನಮ್ಮನೆಯವಳಿಗೆ ತೋರಿಸ್ಬೇಕು."

ಶಾಲೆಯ ಆಯಾಗೆ ಫೋನ್ ಮಾಡಿ, ಮಗಳನ್ನು ಒಳಗೆ ಕೂರಿಸಿಕೊಳ್ಳಲು ಬೇಡಿಕೊಂಡೆ. ಮೂರು ಮಹಡಿ ಹತ್ತಿ, ಕಾದು, ಸಹಿ ತಂದು ಅವರ ಕೈಗೆ ಹೊಸ ಪ್ರತಿ ಕೊಟ್ಟೆ. ಆಮೇಲೆ ಸಿಸ್ಟರನ್ನು ಹುಡುಕಿಕೊಂಡು ಹೆರಿಗೆ ವಾರ್ಡಿಗೆ ನಡೆದೆ.

ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು. ಮುಖದ ನಗು ಆರಿತು.

"ಇಂಥವು ಎಷ್ಟಿವೆ?"

"ಗೊತ್ತಿಲ್ಲ ಸಿಸ್ಟರ್. ಮೂರರ ಮೇಲೆ ಮುಚ್ಚಿದ್ದನ್ನೆಲ್ಲ ಮತ್ತೆ ಓದಬೇಕು."

"ಮೊನ್ನೆಯಿಂದ ಮೂಳೆ ವಾರ್ಡಲ್ಲಿ ಇಬ್ಬರಿಗೆ ಜ್ವರ. ನಾನು ಹೋಗಿ ನೋಡಲೂ ಇಲ್ಲ." ಇಷ್ಟೇ ಹೇಳಿ ಅವರು ಆ ಕಡೆಗೇ ಓಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಶಾಲೆ ಮುಟ್ಟಿದಾಗ ಐದೂವರೆ. ಮಗಳು ಆಯಾಳ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು.

"ಎಲ್ರೂ ಹೋದ್ರಮ್ಮ. ನಾನೇ ಲಾಸ್ಟು."

"ಹೌದು ಪುಟ್ಟಿ," ಎಂದು ಚೀಲ ಹೆಗಲಿಗೇರಿಸಿಕೊಂಡೆ. "ನಾಳೇನೂ ನೀನೇ ಲಾಸ್ಟು. ಅಮ್ಮ ಒಂದಷ್ಟು ತಪ್ಪು ತಿದ್ದಬೇಕು."