ಎಂಟುನೂರು ಸಸಿ, ಒಂದೇ ತಾಯಿ

ಗುಡೇಕೋಟೆಯ ಜಂಬಕ್ಕನಿಗೆ ನಾಲ್ಕು ದಿನದಿಂದ ಊಟ ಸೇರುತ್ತಿರಲಿಲ್ಲ. ಬೆಳಗಾದರೆ ಸಂಘದ ನರ್ಸರಿಗೆ ಓಡುವುದು, ಬಗ್ಗಿ ಬಗ್ಗಿ ಸಸಿ ನೋಡುವುದು, ನಿಟ್ಟುಸಿರು ಬಿಟ್ಟು ಮನೆಗೆ ಬರುವುದು. ಸಂಘದ ಹೆಂಗಸರು ಮಣ್ಣು ತುಂಬಿದ ಎಂಟುನೂರು ಚೀಲಗಳಲ್ಲಿ ಕಮರ ಮರದ ಸಸಿ ಎಬ್ಬಿಸಿದ್ದರು. ಹದಿನೈದು ದಿನ ಎಲ್ಲವೂ ಒಂದೇ ಎತ್ತರಕ್ಕೆ, ಒಂದೇ ಹಸಿರಿಗೆ ಬಂದಿದ್ದವು. ಆಮೇಲೆ ಒಂದು ಮೂಲೆಯಲ್ಲಿ ನಾಲ್ಕಾರು ಸಸಿಗಳ ಬುಡ ಕಪ್ಪಾಯಿತು. ಮರುದಿನ ನಲವತ್ತು. ನಾಲ್ಕನೆಯ ದಿನಕ್ಕೆ ಅರ್ಧ ನರ್ಸರಿ ತಲೆ ಬಾಗಿಸಿತ್ತು.

ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿದಾಗ ಆಡುಗಳ ಹೊಟ್ಟೆ ತುಂಬಿಸುವುದು ಕಮರದ ಸೊಪ್ಪು. ಜಂಬಕ್ಕನ ದೊಡ್ಡಿಯಲ್ಲಿ ಮೂವತ್ತು ಆಡುಗಳಿವೆ. ಊರ ಹಿಂದಿನ ಗುಡ್ಡದಲ್ಲಿ ಉಳಿದಿರುವ ಕಮರಗಳೆಲ್ಲ ಮುದಿಯಾಗಿವೆ, ಬೆಂಕಿ ಬಿದ್ದ ಇಳಿಜಾರು ಬೋಳಾಗಿದೆ. ಸಾಲದ್ದಕ್ಕೆ ಕಮರ ವರ್ಷಾ ವರ್ಷ ಮೈತುಂಬ ಕಾಯಿ ಬಿಡುವ ಮರವೂ ಅಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಬಿಡುತ್ತದೆ, ಈ ವರ್ಷ ಬಿಟ್ಟಿತ್ತು. ಈ ಸಸಿಗಳು ಸತ್ತರೆ ಮತ್ತೆ ಯಾವಾಗ ಬೀಜ, ಅಷ್ಟರಲ್ಲಿ ಗುಡ್ಡದಲ್ಲಿ ಏನು ಉಳಿದಿರುತ್ತದೆ ಎಂಬುದೇ ಅವಳ ಭಯ.

ಗಂಡ ಗಾದೆಪ್ಪನ ಹತ್ತಿರ ಮಾತ್ರ ಕಾರಣಗಳಿಗೆ ಬರವಿರಲಿಲ್ಲ. ಒಂದು ದಿನ ನೀರು ಹೆಚ್ಚಾಗಿದೆ ಎಂದ, ಮರುದಿನ ಗೊಬ್ಬರ ಸರಿಯಿಲ್ಲ ಎಂದ, ಮೂರನೆಯ ದಿನ ಯಾರದೋ ಕಣ್ಣು ಬಿದ್ದಿದೆ ಎಂದ. ಆದರೆ ನರ್ಸರಿಯ ಕಡೆ ತಲೆ ಹಾಕಲಿಲ್ಲ. ಬೀಜ ತಂದುಕೊಟ್ಟವನು ಅವನೇ.

ಐದನೆಯ ದಿನ ಫಾರೆಸ್ಟ್ ಗಾರ್ಡ್ ಕೋಮಲಾ ಬಂದಳು. ಮಾಗಳದ ಹುಡುಗಿ, ಇಲ್ಲಿಗೆ ಬಂದು ಎರಡು ವರ್ಷವಾಗಿದೆ. ಸತ್ತ ಸಸಿ ಕಿತ್ತು ಬೇರು ನೋಡಿದಳು. ಇದು ಮಣ್ಣಿನಿಂದ ಬರುವ ರೋಗ, ನೀರು ಕಡಿಮೆ ಮಾಡಿ, ಸತ್ತವನ್ನು ದೂರ ಹಾಕಿ ಎಂದಳು. ಆದರೂ ಅವಳ ಅನುಮಾನ ಹೋಗಲಿಲ್ಲ. ರೋಗ ಬಂದರೆ ಕೆಲವು ಸಾಯುತ್ತವೆ, ಕೆಲವು ತಡೆದು ನಿಲ್ಲುತ್ತವೆ. ಇಲ್ಲಿ ರೋಗ ತಗುಲಿದ್ದರಲ್ಲಿ ಒಂದೂ ನಿಲ್ಲುತ್ತಿಲ್ಲವಲ್ಲ? ಬೀಜ ಎಲ್ಲಿಯದು ಎಂದು ಕೇಳಿದಳು.

ನೀವು ಹೇಳಿದ ಹಾಗೆ ಮೂವತ್ತು ಮರದಿಂದ ತಂದದ್ದು, ನಮ್ಮವನು ಮೂರು ದಿನ ಗುಡ್ಡ ಸುತ್ತಿದ್ದಾನೆ ಎಂದು ಜಂಬಕ್ಕ ಹೆಮ್ಮೆಯಿಂದಲೇ ಹೇಳಿ, ದೊಡ್ಡಿಯಲ್ಲಿದ್ದ ಗಂಡನನ್ನು ಕರೆದಳು. ಬಂದು ನಿಂತವನು ತನ್ನ ಮೊಣಕಾಲು ನೋಡಿಕೊಳ್ಳತೊಡಗಿದ.

"ಕಾಲು ನೋವಿತ್ತು," ಎಂದ ಕೊನೆಗೆ. "ದೊಡ್ಡಿ ಬಾಜು ಒಂಟಿ ಕಮರ ಐತಲ್ಲ, ಅದರ ಕೆಳಗ ಚಾಪಿ ಹಾಸಿದಂಗ ಬಿದ್ದಿದ್ವು. ಬಳಕೊಂಡೆ. ಮೂರು ದಿನಾನೂ ಅಲ್ಲೇ ನೆರಳಾಗ ಮಲಗಿದ್ದೆ."

ಜಂಬಕ್ಕ ಬೈಯಲಿಲ್ಲ. ಸತ್ತ ಸಸಿಗಳ ಪಕ್ಕ ಕೂತು ಒಂದೊಂದನ್ನೇ ಕೀಳತೊಡಗಿದಳು. ಬೈದಿದ್ದರೆ ಗಾದೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನೇ ವಾದಕ್ಕೆ ಇಳಿದ. ಆ ಮರ ನೆಟ್ಟಗಿದೆ, ದಪ್ಪಗಿದೆ, ರೋಗವನ್ನೇ ಕಂಡಿಲ್ಲ. ಒಳ್ಳೆಯ ಮರದ ಬೀಜ ಒಳ್ಳೆಯದೇ ಅಲ್ಲವೇ? ಕಾಡಿನ ಮರಕ್ಕೆ ಇಷ್ಟೆಲ್ಲ ಯಾರು ನೋಡುತ್ತಾರೆ?

ಕೋಮಲಾ ದೊಡ್ಡಿಯ ಕಡೆ ಕೈ ತೋರಿಸಿದಳು. ಅಲ್ಲೊಂದು ಕರಿ ಹೋತವನ್ನು ಕಟ್ಟಿದ್ದರು. ಹೋದ ವರ್ಷ ಗಾದೆಪ್ಪ ಅದನ್ನು ಅರಸೀಕೆರೆಯಿಂದ ತಂದದ್ದು ಊರಿಗೆಲ್ಲ ಗೊತ್ತು.

"ಮಾಮಾ, ನಿಮ್ಮ ದೊಡ್ಡ್ಯಾಗ ಹುಟ್ಟಿದ ಹೋತ ಇದ್ವು. ಅಷ್ಟು ದೂರ ಯಾಕ ಹೋದ್ರಿ?"

"ಮನಿ ಹೋತ ಬಿಟ್ರ ತಳಿ ಕೆಡ್ತೈತಿ, ಯವ್ವಾ. ಅದಕ್ಕೇನು ತಾಯಿ, ತಂಗಿ ಗೊತ್ತಾಗ್ತೈತೇನು? ಹಿಂದಕ ಒಮ್ಮಿ ಮೈಗಳ್ಳತನ ಮಾಡಿ ಬಿಟ್ಟಿದ್ದೆ. ಮರಿಗಳಿಗೆ ಕಾಲಾಗ ಕಸುವೇ ಇರಲಿಲ್ಲ. ಮಳಿ ಹಿಡಿದಾಗ ಒಂದೇ ಜಡ್ಡಿಗೆ ಹನ್ನೊಂದು..."

ಗಾದೆಪ್ಪನ ಕಣ್ಣು ಸಸಿಗಳ ಮೇಲೆ ಹೋಗಿತ್ತು.

"ಗಿಡಕ್ಕೂ ಅಷ್ಟೇ, ಮಾಮಾ," ಎಂದಳು ಕೋಮಲಾ. "ಈ ಎಂಟುನೂರೂ ಒಂದೇ ತಾಯಿ ಮಕ್ಕಳು. ಒಂಟಿ ಮರ, ಬ್ಯಾರೆ ಮರದ ಪರಾಗ ಸಿಕ್ಕಿರೋದು ಕಡಿಮಿ. ಹೆಚ್ಚಿನವಕ್ಕ ತಂದಿನೂ ಅದೇ ಮರ ಇರಬೇಕು. ಒಂದು ತಡಕೊಳ್ಳದ ಜಡ್ಡನ್ನ ಇನ್ನೊಂದು ಹೆಂಗ ತಡಕೊಳ್ತೈತಿ?"

ಕಾಡಿನಲ್ಲಿ ಒಂದು ಕಮರದಂತೆ ಇನ್ನೊಂದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಒಂದು ಬರ ತಡೆಯುತ್ತದೆ, ಒಂದು ಹುಳ ತಡೆಯುತ್ತದೆ, ಇನ್ನೊಂದು ಬೆಂಕಿಗೆ ಸುಟ್ಟರೂ ಚಿಗುರುತ್ತದೆ. ಆ ಗುಣ ಬೀಜದೊಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮುಂದೆ ಗುಡ್ಡಕ್ಕೆ ಯಾವ ಕಷ್ಟ ಬರುತ್ತದೋ, ಆಗ ಯಾವ ಮರ ಉಳಿಯುತ್ತದೋ ಈಗಲೇ ಹೇಳುವವರು ಯಾರೂ ಇಲ್ಲ. ಅದಕ್ಕೇ ಎಲ್ಲ ಬಗೆಯೂ ಬೇಕು.

ಒಂಟಿ ಮರದ ಕಾಯಿ ಮೊದಲೇ ಉದುರಿತ್ತು. ಗುಡ್ಡದ ಮೇಲಿನ ಮರಗಳಲ್ಲಿ ಇನ್ನೂ ಒಂದಿಷ್ಟು ಇತ್ತು. ಆದರೆ ಕೂಡ್ಲಿಗಿ ಕಡೆಯಿಂದ ಮೋಡ ಏಳುತ್ತಿತ್ತು. ಕಮರದ ಕಾಯಿ ಹಾಳೆಯಷ್ಟು ಹಗುರ, ಒಂದು ಜೋರು ಗಾಳಿ ಬೀಸಿದರೆ ಮುಗಿಯಿತು. ಗಾದೆಪ್ಪ ಮೊಣಕಾಲಿಗೆ ಬಟ್ಟೆ ಬಿಗಿದ, ಜಂಬಕ್ಕ ಹಳೆಯ ಬಟ್ಟೆ ಚೀಲಗಳ ಕಟ್ಟು ಹೊತ್ತಳು. ಹತ್ತಿರದ ಮರಗಳು ಒಂದೇ ಬಳಗದವು ಇರಬಹುದೆಂದು ನೂರು ಹೆಜ್ಜೆ ದಾಟಿ ಒಂದೊಂದು ಮರ, ಮರಕ್ಕೊಂದು ಹಿಡಿ, ಹಿಡಿಗೊಂದು ಚೀಲ. ಮೊದಲ ದಿನ ಬರೀ ಆರು ಮರ ಸಿಕ್ಕವು. ಎಷ್ಟೋ ಕಾಯಿಗಳನ್ನು ಹುಳ ಕೊರೆದಿತ್ತು. ಗಾಳಿ ಸ್ವಲ್ಪ ಸದ್ದು ಮಾಡಿದರೂ ಜಂಬಕ್ಕ ಬೆಚ್ಚಿ ಮೇಲೆ ನೋಡುತ್ತಿದ್ದಳು.

ಎರಡನೆಯ ದಿನ ಗುಡ್ಡದ ನೆತ್ತಿಯಲ್ಲಿ, ಬಂಡೆಯ ಬಿರುಕಿನಲ್ಲಿ ಆಳೆತ್ತರದ ಸೊಟ್ಟ ಕಮರವೊಂದಿತ್ತು. ಗಾದೆಪ್ಪ ಅದನ್ನು ದಾಟಿ ಹೋದ. ಜಂಬಕ್ಕ ನಿಂತಳು.

"ಇದರದೂ ತಗೋ."

"ಅದು ಸೊಟ್ಟೈತಿ."

"ಮಣ್ಣಿಲ್ಲದ ಬಂಡಿಮ್ಯಾಲ ಇಷ್ಟು ವರ್ಷ ಬದುಕೈತಿ. ನಿನ್ನ ನೆಟ್ಟನ ಮರಕ್ಕ ಬರ್ತೈತೇನು ಅದು?"

ಅವನು ಹಿಂದಿರುಗಿ ಬಂದು ಚೀಲ ಬಿಚ್ಚಿದ.

ಮೂರನೆಯ ದಿನ ಮಧ್ಯಾಹ್ನ ಗಾಳಿ ಬಂದೇ ಬಂತು. ಹಾರುವ ಕಾಯಿಗಳ ಹಿಂದೆ ಇಬ್ಬರೂ ಸೆರಗು, ಟವೆಲ್ ಹಿಡಿದು ಓಡಿದರು. ಒಟ್ಟು ಇಪ್ಪತ್ತಮೂರು ಮರವಾಯಿತು. ಮೂವತ್ತು ಆಗಲಿಲ್ಲ ಎಂದು ಜಂಬಕ್ಕ ದಾರಿಯುದ್ದಕ್ಕೂ ಪೇಚಾಡಿದಳು.

ಬಿತ್ತಿದರು, ಸಸಿ ಎದ್ದವು. ಈ ಸಲ ಒಂದು ಎತ್ತರ, ಒಂದು ಗಿಡ್ಡ. ರೋಗ ಮತ್ತೆ ಬಂತು. ಒಂದು ಚೀಲದ ಸಸಿ ಬಿದ್ದರೆ ಪಕ್ಕದ್ದು ನಿಂತಿತು. ಸೊಟ್ಟ ಮರದ ಮಕ್ಕಳಲ್ಲಿ ಅರ್ಧ ಹೋದವು, ಅರ್ಧ ಉಳಿದವು. ಜಂಬಕ್ಕ ಈಗಲೂ ದಿನಾ ಬೆಳಗ್ಗೆ ಹೆದರುತ್ತಲೇ ನರ್ಸರಿಗೆ ಹೋಗುತ್ತಾಳೆ. ಅವಳಿಗಿಂತ ಮೊದಲೇ ಗಾದೆಪ್ಪ ಅಲ್ಲಿರುತ್ತಾನೆ.

ಸಂಘದ ಅಕ್ಕಂದಿರೇ, ಆಡು ಕಾಯುವ ಅಣ್ಣಂದಿರೇ, ನಿಮ್ಮೂರ ಗುಡ್ಡಕ್ಕೂ ಈ ವರ್ಷ ಬೀಜ ಆರಿಸುತ್ತಿರಬಹುದು. ಒಂದೇ ಮರದ ಕೆಳಗೆ ಬಳಿದು ಚೀಲ ತುಂಬಿಸಬೇಡಿ. ದೂರ ದೂರದ ಮೂವತ್ತು ಮರಗಳಿಗೆ ಹೋಗಿ, ಒಂದೊಂದರಿಂದ ಒಂದೊಂದು ಹಿಡಿ ತನ್ನಿ, ಗುಡ್ಡಕ್ಕೂ ಒಂದಿಷ್ಟು ಬಿಡಿ. ಕಾಲು ನೋಯುತ್ತದೆ, ನೆರಳು ಕರೆಯುತ್ತದೆ, ಎರಡೂ ನಿಜ. ಆಗ ನಿಮ್ಮ ದೊಡ್ಡಿಯ ಹೋತ ಯಾವ ಊರಿನಿಂದ ಬಂದದ್ದೆಂದು ನೆನೆಸಿಕೊಳ್ಳಿ, ಎದ್ದು ಮುಂದಿನ ಮರಕ್ಕೆ ನಡೆಯಿರಿ.