ಅಣ್ಣಾಸಾಹೇಬರ ಉಪ್ಪಿನ ಗುಡ್ಡ

“ಉಪ್ಪಾರ ಜಾತ್ಯಾಗ ಹುಟ್ಟಿ ಉಪ್ಪಿನ ಮಡಿ ಕಟ್ಟಾಕ ಬರೂದಿಲ್ಲೇನ ನಿನಗ, ಬೋಳಿಮಗಳ?”

ಅಣ್ಣಾಸಾಹೇಬರು ಮೇಲಿನಿಂದ ಕೂಗಿದಾಗ ನಾನು ಗಾರೆ ಕಲೆಸುತ್ತಿದ್ದೆ. ಉಪ್ಪು ಮಾಡಿದವಳು ನಮ್ಮ ಮುತ್ತಜ್ಜಿ. ನಾನು ಬಾಗಲಕೋಟೆಯಲ್ಲಿ ಗೋಡೆ ಕಟ್ಟುವ ಗೌಂಡಿಗಳ ಕೈಕೆಳಗೆ ದುಡಿದವಳು. ಮನೆಗೆಲಸಕ್ಕೆಂದು ಇವರು ನನ್ನನ್ನು ಸ್ಯಾನ್ ಡಿಯಾಗೋಗೆ ಕರೆತಂದು ವರ್ಷವಾಗಿತ್ತು. ಅದು ೧೯೭೯.

ಸಾಹೇಬರು ಲಾಂಗ್ ಬೀಚಿನಲ್ಲಿ ಎಂಜಿನಿಯರು. ಇಲ್ಲಿನ ಗುಡ್ಡ ಕೊಂಡು ಮಾರಾ ಎಂಬ ನಾಲ್ಕು ಪ್ರಾಣಿಗಳನ್ನು ಸಾಕಿದ್ದರು. ಮೊಲದ ಮುಖ, ಜಿಂಕೆಯ ಕಾಲು, ಕುಲದಲ್ಲಿ ಇಲಿಯ ಬಳಗ. ಗಂಡು ಹೆಣ್ಣು ಒಂದನ್ನೊಂದು ಬಿಟ್ಟಿರುತ್ತಿರಲಿಲ್ಲ. ಪೆರು ದೇಶದ ಮಾರಾಸ್ ಎಂಬ ಊರಿನಲ್ಲಿ ಬೆಟ್ಟದ ಮೈತುಂಬ ಉಪ್ಪುನೀರು ಒಣಗಿಸುವ ಪುರಾತನ ಮಡಿಗಳಿವೆ ಎಂದು ಅವರು ಯಾವುದೋ ಪತ್ರಿಕೆಯಲ್ಲಿ ನೋಡಿದರು. ಹೆಸರು ಹೊಂದಿತಲ್ಲ, ಇವು ಅಲ್ಲಿಯವೇ ಎಂದು ತೀರ್ಮಾನಿಸಿದರು. ಗುಡ್ಡ ಅಗೆಸಿ, ಮಡಿಯ ಕೆಳಗೆ ಮಡಿ ಕಟ್ಟಿಸಿ, ಮೂಟೆಗಟ್ಟಲೆ ಉಪ್ಪು ಕರಗಿಸಿದರು. ಕೊನೆಯ ಮಡಿ ಪ್ರಾಣಿಗಳ ಬೇಲಿಯೊಳಗೇ ಇತ್ತು.

ಬೇಲಿಯೊಳಗೆ ಗುಡಿಸುವ ಹುಸ್ತಿನಾ ಆ ಮಾರಾಸಿನವಳೇ. ನಮ್ಮಿಬ್ಬರ ನಡುವೆ ಹರಕು ಇಂಗ್ಲಿಷು, ಉಳಿದದ್ದು ಕೈಸನ್ನೆ. ವಿಷಯ ತಿಳಿದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಪ್ರಾಣಿ ಅರ್ಜೆಂಟೀನಾದ್ದು, ತಮ್ಮೂರಲ್ಲಿ ಕಂಡೇ ಇಲ್ಲ ಎಂದಳು. ಒರತೆಯ ಉಪ್ಪುನೀರು ಮಡಿಯಿಂದ ಮಡಿಗೆ ಇಳಿಯುವುದನ್ನು ಬೆರಳಿನಿಂದ ಬರೆದು ತೋರಿಸಿದಳು. ಅವರಮ್ಮನದೂ ಒಂದು ಮಡಿಯಿತ್ತಂತೆ.

ನಾನು ಸಾಹೇಬರಿಗೆ ಹೇಳಿದೆ.

“ಸಹಿ ಮಾಡಾಕ ಬರೂದಿಲ್ಲ, ನನಗ ಭೂಗೋಳ ಕಲಿಸ್ತಾಳ! ಆಕಿಗೆ ಹೇಳು, ಐತವಾರ ಮಂದಿ ನೋಡಾಕ ಬರ್ತಾರ, ಕೆಂಪು ಲಂಗ ಹಾಕ್ಕೊಂಡು ಸುಮ್ಮ ನಿಂದ್ರಬೇಕು. ಬಾಯಿ ತೆಗದ್ರ ಒದ್ದು ಹೊರಗ ಹಾಕ್ತೀನಿ.”

ಅವತ್ತಿನ ಫೋಟೋಗೆ ಅಡ್ಡ ಬರುತ್ತದೆಂದು ಪ್ರಾಣಿಗಳ ಸಿಹಿನೀರಿನ ತೊಟ್ಟಿಯನ್ನೂ ಎತ್ತಿಸಿದರು. ಶನಿವಾರದ ಹೊತ್ತಿಗೆ ಒಂದು ಹೆಣ್ಣು ಮಾರಾ ಕಾಲು ಚಾಚಿ ಮಲಗಿತ್ತು, ಗಂಡು ಅದರ ಸುತ್ತಲೇ ತಿರುಗುತ್ತಿತ್ತು. ಹುಸ್ತಿನಾ ಬೋಗುಣಿಯಲ್ಲಿ ನೀರಿಟ್ಟಳು. ಸಾಹೇಬರು ಬೋಗುಣಿಯನ್ನು ಬೂಟುಗಾಲಿನಲ್ಲಿ ಒದ್ದರು.

ಭಾನುವಾರ ಲಾಸ್ ಏಂಜಲೀಸಿನಿಂದ ಕಾರುಗಳು ಬಂದವು. ರೇಷ್ಮೆ ಸೀರೆ, ಕಪ್ಪು ಕನ್ನಡಕ, ಮಡಿಗಳ ಮಗ್ಗುಲಲ್ಲಿ ಸಾಲು ಕುರ್ಚಿ. ಸಾಹೇಬರು ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿದರು. ವತ್ಸಲಾ ಎಂಬ ಡಾಕ್ಟರಮ್ಮ ಮಲಗಿದ್ದ ಪ್ರಾಣಿ ನೋಡಿ ನನ್ನ ಕಡೆ ತಿರುಗಿದರು.

“ಏನಮ್ಮಾ, ಇವು ಉಪ್ಪುನೀರೇ ಕುಡಿಯೋದಾ?”

“ಇಲ್ರೀ ಅಕ್ಕಾರ. ಬ್ಯಾರೆ ನೀರಿಲ್ಲಂತ ಕುಡೀತಾವ. ಕುಡದು ಸಾಯಾಕತ್ತಾವ.”

“ಒಳಗ ನಡೀ, ರಂಡೆ!” ಸಾಹೇಬರ ಇಂಗ್ಲಿಷು ಅಲ್ಲಿಗೆ ಮುಗಿಯಿತು. “ನಿನ್ನ ಪಾಸ್‌ಪೋರ್ಟು ನನ್ನ ಕಪಾಟಿನ್ಯಾಗ ಐತಿ, ನೆನಪಿರ್ಲಿ!”

ಸಲಿಕೆ ಕೈಗೆ ಸಿಕ್ಕಿತು. ಮೇಲಿನ ಮಡಿಯ ಹೊರಬದುವಿಗೆ ಹೊಡೆದೆ. ಹುಸ್ತಿನಾ ಲಂಗ ಎತ್ತಿ ಕಟ್ಟಿ ಎರಡನೆಯದಕ್ಕೆ ಇಳಿದು ಅದರ ಬದುವನ್ನು ಬರಿಗಾಲಲ್ಲಿ ಒದ್ದಳು. ಉಪ್ಪುನೀರು ಗಳಗಳನೆ ಕುರ್ಚಿಗಳ ಕಡೆ ಹರಿಯಿತು. ಸೀರೆಯವರು ನೆರಿಗೆ ಎತ್ತಿಕೊಂಡು ಓಡಿದರು. ಯಾರೋ ಕಿಸಕ್ಕನೆ ನಕ್ಕರು. ವತ್ಸಲಾ ಶರಬತ್ತಿನ ಮೇಜಿನಿಂದ ನೀರಿನ ಜಗ್ಗು ತಂದು ಬೇಲಿಯೊಳಗೆ ಬಗ್ಗಿದರು. ಮಲಗಿದ್ದ ಹೆಣ್ಣು ತಲೆ ಎತ್ತಲಿಲ್ಲ. ಉಳಿದ ಮೂರೂ ಕುಡಿದವು.

“ನನ್ನ ಪಾಸ್‌ಪೋರ್ಟ್ ತರ್ರೀ ಸಾಹೇಬ್ರ,” ಎಂದೆ. “ಆಕೀದೂ ತರ್ರೀ. ನಾವು ಇಲ್ಲೇ ಇರ್ತೀವಿ.”

ಅಷ್ಟು ಹೇಳಿ, ಸಲಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಹುಸ್ತಿನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತೆ.